ಆರನೇ ತುಂಡು

ಶೋಭಾಳ ತಲೆಯ ಮೇಲೆ ಇನ್ನೂ ಒಂದು ಸಾಲವಿದೆ. ಡಾಲರಿನದ್ದಲ್ಲ. ಒಂದು ಮೊಳ ಅಗಲ, ಮೂರು ಮೊಳ ಉದ್ದದ ಒಂದು ಬಟ್ಟೆ. ಬಾಳೆನಾರಿನ ಹಾಸು, ಬಾಳೆನಾರಿನದೇ ಹೊಕ್ಕು, ಕೆನೆ ಬಣ್ಣದ ಮೈಗೆ ಕರಿ ಗೀರು, ಎರಡೂ ಅಂಚಿಗೆ ಎರಡೆರಡು ಬೆರಳು ಕೆಂಪು. ನೇಯ್ದು ಕೊಟ್ಟವಳು ಸತ್ತು ಮಣ್ಣಾದಳು, ಸಾಲ ಸಾಯಲಿಲ್ಲ. ಬಟ್ಟೆಯ ಆರು ಪಾಲಿನಲ್ಲಿ ಐದು ಕೈಗೆ ಬಂದಿವೆ. ಆರನೆಯದು ಲಾಸ್ ಏಂಜಲೀಸಿಗೂ ಸ್ಯಾನ್ ಡಿಯಾಗೋಗೂ ನಡುವೆ ಯಾರೋ ಕನ್ನಡದವರ ಮನೆಯಲ್ಲಿ ಬಿದ್ದಿದೆ.

ಶೋಭಾ ಗುಳೇದಗುಡ್ಡದ ನೇಕಾರರ ಮಗಳು. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಪ್ಪಸದ ಕಣ ನೇಯುತ್ತಿದ್ದ. ಅವಳು ನಡೆಯಲು ಕಲಿಯುವ ಮೊದಲು ಲಾಳಿಯ ಸದ್ದು ಕಲಿತವಳು. ಮದುವೆಯಾಗಿ ಬಂದದ್ದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತಿಗೆ. ಗಂಡ ಬಸವಪ್ರಸಾದ್ ಅಲ್ಲಿ ವಿಮಾನದ ಬಿಡಿಭಾಗ ಮಾಡುವ ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದ. 2020ರಲ್ಲಿ ಶೆಡ್ಡು ಬಾಗಿಲು ಹಾಕಿತು. ಅವನು ಕೆಲಸ ಹುಡುಕಿಕೊಂಡು ಟೆಕ್ಸಸ್‌ಗೆ ಹೋದ, ಕೆಲಸದ ಜೊತೆಗೆ ಇನ್ನೊಬ್ಬಳನ್ನೂ ಹುಡುಕಿಕೊಂಡ. ಮಗಳು ಆಶ್ರಿತಾಗೆ ಸ್ಯಾನ್ ಡಿಯಾಗೋದಲ್ಲಿ ಕಾಲೇಜು ಸೀಟು ಸಿಕ್ಕಿದ್ದೇ ತಡ, ಶೋಭಾ ಹೊಲಿಗೆ ಮಷೀನನ್ನು ಕಾರಿನ ಹಿಂದಿನ ಸೀಟಿಗೆ ಬಿಗಿದು ದಕ್ಷಿಣಕ್ಕೆ ಇಳಿದಳು. ಮೀರಾ ಮೆಸಾದಲ್ಲಿ ದಿನಸಿ ಅಂಗಡಿಯ ಪಕ್ಕದ ಆಲ್ಟರೇಶನ್ ಅಂಗಡಿಯಲ್ಲಿ ಕೆಲಸ. ಪ್ಯಾಂಟಿನ ಕಾಲು ಮಡಿಸುವುದು, ಸೀರೆಗೆ ಫಾಲ್ ಹಚ್ಚುವುದು, ದಪ್ಪಗಾದವರ ಕುಪ್ಪಸ ಬಿಚ್ಚಿ ಅಗಲ ಮಾಡುವುದು.

ಪಕ್ಕದ ಮಷೀನಿನಲ್ಲಿ ತೆರೇಸಿಯಾ ಎಂಬವಳು. ಪೆಸಿಫಿಕ್ ಸಾಗರದ ನಡುವಿನ ಒಂದು ಚೂರು ದ್ವೀಪದವಳು. ಅಮೆರಿಕದ ಜೊತೆಗಿನ ಯಾವುದೋ ಒಪ್ಪಂದದಿಂದಾಗಿ ಅವಳ ದೇಶದವರಿಗೆ ಇಲ್ಲಿ ದುಡಿಯಲು ವೀಸಾ ಬೇಡ. ಇದನ್ನು ಕೇಳಿ, ಹತ್ತು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತ ನಮ್ಮ ಗಂಡಸರು ಹೊಟ್ಟೆ ಉರಿದುಕೊಳ್ಳುವುದನ್ನು ನೋಡಬೇಕು. ಅವಳು ಹೊಲಿಗೆ ಹಾಕಿ ಬದುಕುತ್ತಾಳೆ ಎನ್ನುವುದು ಮಾತ್ರ ಅವರ ಕಿವಿಗೆ ಬೀಳುವುದಿಲ್ಲ.

ಒಂದು ದಿನ ಊಟದ ಹೊತ್ತಿಗೆ ತೆರೇಸಿಯಾ ಸೊಂಟಕ್ಕೆ ಸುತ್ತುವ ಬಟ್ಟೆಯೊಂದನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಹಾಸಿದಳು. ಗಿರಾಕಿಗಳು ಮುಂಬದಿ ಸವರಿ, ಚೆಂದ ಎಂದು ಹೋದರು. ಶೋಭಾ ಅದನ್ನು ಮಗುಚಿ ಹಿಂಬದಿ ನೋಡಿದಳು, ಉಗುರಿನ ತುದಿಯಲ್ಲಿ ಎಳೆ ಎಣಿಸಿದಳು.

"ಇಲ್ಲೊಂದು ಎಳೆ ಹರಿದಿತ್ತು, ಗಂಟು ಹಾಕಿದ್ದಾರೆ," ಎಂದಳು.

"ಅದು ನನ್ನ ತಾಯಿಯ ಗಂಟು. ಇಷ್ಟು ವರ್ಷದಲ್ಲಿ ಹಿಂಬದಿ ನೋಡಿದವಳು ನೀನೊಬ್ಬಳೇ. ಹೋಗು, ಅವಳನ್ನು ನೋಡಿಕೊಂಡು ಬಾ," ಎಂದಳು ತೆರೇಸಿಯಾ.

ಶೋಭಾ ಹೋದಳು. 2023ರ ಫೆಬ್ರವರಿ, ಸಂಬಳವಿಲ್ಲದ ಆರು ವಾರದ ರಜೆ.

"ಅಮ್ಮಾ, ಆರ್ ಯು ಸೀರಿಯಸ್? ಅಲ್ಲಿ ಸಿಗ್ನಲ್ಲೇ ಇಲ್ಲ," ಎಂದಳು ಆಶ್ರಿತಾ.

"ಸಿಗ್ನಲ್ ಇಲ್ಲದ ಊರಾಗ ಹುಟ್ಟೀನಿ ನಾ. ಸತ್ತೇನಿಲ್ಲ."

ಮೂರು ವಿಮಾನ, ಆಮೇಲೆ ಒಂದು ಸರಕಿನ ಹಡಗು. ಹಡಗಿನಲ್ಲಿ ಅಕ್ಕಿಮೂಟೆ, ಸೀಮೆಎಣ್ಣೆ, ಕೋಳಿ, ಜನ ಎಲ್ಲ ಒಂದೇ ಡೆಕ್ಕಿನ ಮೇಲೆ. ಟೂರ್ ಇಲ್ಲ, ಗೈಡ್ ಇಲ್ಲ, ಹೋಟೆಲ್ ಇಲ್ಲ. ದ್ವೀಪದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಯಾರು ಟಿಕೆಟ್ ಹುಡುಕಲು ಕೂರುತ್ತಾರೆಂದು ಗೊತ್ತಿದೆ.

ಅಲ್ಲಿ ಕಾಲಿಡುವ ಮೊದಲು ಊರ ಯಜಮಾನನ ಅಪ್ಪಣೆ ಬೇಕು. ಅದನ್ನು ಹಡಗಿನಲ್ಲಿ ಜೊತೆಗೆ ಬಂದ ತೆರೇಸಿಯಾಳ ತಮ್ಮ ತಿಂಗಳ ಮೊದಲೇ ರೇಡಿಯೋದಲ್ಲಿ ಕೇಳಿಟ್ಟಿದ್ದ. ದೋಣಿ ಕಟ್ಟುವ ಚಪ್ಪರದ ಒಳಗೆ ಹೆಂಗಸರು ಹೋಗುವಂತಿಲ್ಲ. ಶೋಭಾ ಹೊರಗೆ ಮರಳಿನ ಮೇಲೆ ಕೂತು, ತಂದಿದ್ದ ಅಕ್ಕಿ ಮತ್ತು ನೂಲಿನ ಉಂಡೆಗಳನ್ನು ಮುಂದಿಟ್ಟಳು. ಮುದುಕ ಯಜಮಾನ ನೂಲನ್ನು ಮೂಸಿ ನೋಡಿ ತಲೆಯಾಡಿಸಿದ. ಕೂತ ಹಿರಿಯರ ಮುಂದೆ ನೆಟ್ಟಗೆ ನಡೆಯಬಾರದು, ಬಾಗಿ ಹೋಗಬೇಕು. ಫೋಟೋ ತೆಗೆಯಬಾರದು. ಹೆಂಗಸರಿಗೆ ಅಲ್ಲಿ ನಾಚಿಕೆ ಇರುವುದು ತೊಡೆಗೆ, ಎದೆಗಲ್ಲ. ಶೋಭಾಳ ಸೀರೆ ನೋಡಿ ಹೆಂಗಸರು, "ತೊಡೆ ಮುಚ್ಚಿದೆ, ಸಾಕು, ಮೇಲಿನದು ನಿನ್ನಿಷ್ಟ," ಎಂದು ನಕ್ಕರು. ಶೋಭಾ ಅವರು ಹೇಳಿದಂತೆ ನಡೆದಳು. ಪರರ ಮನೆಯಲ್ಲಿ ಉಂಡು ಮಲಗುವವಳು ಇನ್ನು ಹೇಗೆ ನಡೆಯಬೇಕು?

ತೆರೇಸಿಯಾಳ ತಾಯಿಯ ಹೆಸರು ನೇಮಾ. ಎಪ್ಪತ್ತೆಂಟು ವರ್ಷ, ಬಾಯಲ್ಲಿ ನಾಲ್ಕು ಹಲ್ಲು. ಅವರದು ಸೊಂಟಮಗ್ಗ. ಹಾಸಿನ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ನೇಯುವವಳ ನಡುವಿಗೆ. ಅವಳು ಹಿಂದಕ್ಕೆ ವಾಲಿದರೆ ನೂಲು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ನೇಮಾ ಮೊದಲ ವಾರ ಶೋಭಾಳನ್ನು ಮಗ್ಗದ ಹತ್ತಿರ ಬಿಡಲಿಲ್ಲ. ಬಾಳೆದಿಂಡು ಕೆರೆದು ನಾರು ತೆಗೆಯಲು ಕೂರಿಸಿದಳು. ಚಿಪ್ಪಿನಿಂದ ಕೆರೆದು ಕೆರೆದು ಶೋಭಾಳ ಹೆಬ್ಬೆರಳು ಬಾತುಕೊಂಡಿತು. ಎರಡನೇ ವಾರ ಮಗ್ಗಕ್ಕೆ ಕಟ್ಟಿದಳು. ಶೋಭಾ ಒಂದು ಗೇಣು ನೇಯ್ದಳು. ಮುದುಕಿ ಬಂದು ಬಟ್ಟೆಯ ಹಿಂಬದಿ ನೋಡಿದಳು. ಬೈಯಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಬಾರದ ಇಬ್ಬರು ಹೆಂಗಸರು ಮೂರು ವಾರ ಅಕ್ಕಪಕ್ಕ ಕೂತು ನೇಯ್ದರು.

ಹಡಗು ಎಂಟು ದಿನ ತಡವಾಗಿ ಬಂತು. ಹೊರಡುವ ಬೆಳಿಗ್ಗೆ ನೇಮಾ ಒಂದು ಮಡಿಸಿದ ಬಟ್ಟೆ ತಂದು ಶೋಭಾಳ ಮಡಿಲಿಗೆ ಇಟ್ಟಳು. ತೆರೇಸಿಯಾಳ ತಮ್ಮನು ಅವಳ ಮಾತನ್ನು ಇಂಗ್ಲಿಷಿನಲ್ಲಿ ಒಂದೊಂದೇ ಬಿಡಿಸಿ ಹೇಳಿದ. "ಇದು ಅವ್ವ ತನ್ನ ಹೆಣಕ್ಕೆ ತಾನೇ ನೇಯ್ದುಕೊಂಡ ಬಟ್ಟೆ. ನಮ್ಮಲ್ಲಿ ಇದನ್ನು ಮನೆಯಲ್ಲಿ ಇಡುವುದಿಲ್ಲ. ದೂರದ ನಂಬಿಕಸ್ಥರ ಕೈಗೆ ಕೊಡುತ್ತೇವೆ. ಅದು ದೂರ ಇರುವಷ್ಟು ದಿನ ಸಾವು ಕಾಯುತ್ತದೆ. ಅವಳು ಕರೆದಾಗ ನೀನು ಇದನ್ನು ಕಳಿಸಬೇಕು. ಇದನ್ನು ಸುತ್ತದೆ ಅವಳನ್ನು ಹೂಳುವಂತಿಲ್ಲ."

ಮೂಢನಂಬಿಕೆ ಎಂದು ಮೂಗು ಮುರಿಯುವವರು ಮುರಿಯಲಿ. ಗಂಡನ ಆಯುಷ್ಯ ಕಟ್ಟಿಹಾಕಲು ಕತ್ತಿನಲ್ಲಿ ಕರಿಮಣಿ ಹಾಕಿಕೊಳ್ಳುವವರು ನಾವು. ಶೋಭಾಳಿಗೆ ಅರ್ಥವಾಗಿತ್ತು. ಗುಳೇದಗುಡ್ಡದ ಅಪ್ಪನೂ ಹೆಣದ ಬಟ್ಟೆಗೆ ಕತ್ತರಿ ತಾಗಿಸುತ್ತಿರಲಿಲ್ಲ. ಅವಳು ಎರಡೂ ಕೈಯಲ್ಲಿ ಅದನ್ನು ತಗೊಂಡು ಕಣ್ಣಿಗೆ ಒತ್ತಿಕೊಂಡಳು.

ಸ್ಯಾನ್ ಡಿಯಾಗೋಗೆ ಬಂದು ಎಲ್ಲಿಟ್ಟಳು? ಕುಪ್ಪಸದ ಕಣಗಳ ಸೂಟ್‌ಕೇಸಿನಲ್ಲಿ. ಅಮೆರಿಕದ ಪ್ರತಿ ಕನ್ನಡದ ಮನೆಯಲ್ಲೂ ಅಂಥದ್ದೊಂದಿದೆ. ಅವರು ಕೊಟ್ಟದ್ದು, ಇವರು ಕೊಟ್ಟದ್ದು, ಯಾರೂ ಹೊಲಿಸದ್ದು. ಬಂದ ಕಣ ಮುಂದಿನವರಿಗೆ. ನಿಮ್ಮ ಮನೆಯಿಂದ ಹೋದ ನೀಲಿ ಪಾಲಿಯೆಸ್ಟರ್ ಏಳು ಮನೆ ಸುತ್ತಿ ಮೂರು ವರ್ಷಕ್ಕೆ ನಿಮ್ಮ ಮಡಿಲಿಗೇ ಬಂದು ಬೀಳುತ್ತದೆ.

ಆ ವರ್ಷದ ನವರಾತ್ರಿಗೆ ಶೋಭಾ ಗೊಂಬೆ ಕೂರಿಸಿದಳು. ಗುಳೇದಗುಡ್ಡದ ಅವರ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯೇ ಇಲ್ಲ. ಇಲ್ಲಿ ಕೂರಿಸದಿದ್ದರೆ ಹೆಂಗಸರು ಮನೆಗೆ ಬರುವುದಿಲ್ಲ. ಗಂಡ ಬಿಟ್ಟವಳ ಮನೆಯ ಕುಂಕುಮಕ್ಕೆ ಯಾರು ಬಂದಾರು ಎಂಬ ಅಳುಕೂ ಇತ್ತು. ಮೂರು ವರ್ಷ ಯಾರೂ ಬಂದಿರಲಿಲ್ಲ. ಆ ವರ್ಷ ಸ್ಕ್ರಿಪ್ಸ್ ರ್ಯಾಂಚಿನ ಪ್ರಣತಿ ಆರು ಜನರನ್ನು ಕಟ್ಟಿಕೊಂಡು ಬಂದಳು. ಪ್ರಣತಿ ಎಂದರೆ ಅಲ್ಲಿನ ಕನ್ನಡದ ಹೆಂಗಸರಿಗೆ ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಬೇಡ ಎಂದು ಹೇಳುವವಳು. ಗಂಡ ಶ್ರೀಕರನಿಗೆ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯಲ್ಲಿ ದೊಡ್ಡ ಹುದ್ದೆ.

"ಶೋಭಾ ಅವ್ರೇ, ನೀವು ಹೋಗಿದ್ದ ಐಲ್ಯಾಂಡಲ್ಲಿ ಹೆಂಗಸ್ರೆಲ್ಲ ಟಾಪ್‌ಲೆಸ್ ಅಂತೆ? ನಿಜವಾ?" ಎಂದು ಪ್ರಣತಿ ಕೋಸಂಬರಿ ತಿನ್ನುತ್ತಾ ಕೇಳಿದಳು. ಆರೂ ಜನ ಕಿಸಕ್ಕನೆ ನಕ್ಕರು.

ಶೋಭಾ ಏನು ಮಾಡಬೇಕಿತ್ತು? ತಟ್ಟೆ ಕಿತ್ತುಕೊಂಡು ಬಾಗಿಲು ತೋರಿಸಬೇಕಿತ್ತು. ಅವಳು ಮಾಡಿದ್ದು ಬೇರೆ. ಅವಳೂ ನಕ್ಕಳು. ಅರಿಶಿನ ಕುಂಕುಮ ಕೊಟ್ಟು ಕಣಕ್ಕೆ ಕೈಹಾಕಿದರೆ ಉಳಿದದ್ದೆಲ್ಲ ಜಾಳು ಪಾಲಿಯೆಸ್ಟರ್. ಪ್ರಣತಿಗೆ ಅದನ್ನು ಕೊಡುವುದೇ? ಕೆಳಗೆ ಬಾಳೆನಾರಿನ ಬಟ್ಟೆ ಕೈಗೆ ತಾಗಿತು. ಇವತ್ತು ಮಾನ ಉಳಿಯಲಿ, ನಾಳೆ ಒಂದು ಇಳಕಲ್ ಕೊಟ್ಟು ಇದನ್ನು ವಾಪಸ್ ತಂದರಾಯಿತು ಎಂದುಕೊಂಡು ಎತ್ತಿ ಕೊಟ್ಟೇಬಿಟ್ಟಳು. ಗೊತ್ತಿದ್ದೂ ಕೊಟ್ಟಳು.

"ವಾವ್, ಎಥ್ನಿಕ್!" ಎಂದಳು ಪ್ರಣತಿ.

ಆ ನಾಳೆ ಹತ್ತು ತಿಂಗಳು ಬರಲಿಲ್ಲ. ಕೊಟ್ಟ ಕಣವನ್ನು ವಾಪಸ್ ಕೇಳುವುದು ಹೇಗೆ ಎಂಬ ನಾಚಿಕೆ. ಮುಂದಿನ ಹಬ್ಬಕ್ಕೆ ಪ್ರಣತಿ ಕರೆದಳು, ಅವಳು ಕರೆದಳೆಂದು ಇತರರೂ ಕರೆದರು. ಹೆಣದ ಬಟ್ಟೆ ಕೊಟ್ಟು ಶೋಭಾ ಕೊಂಡದ್ದು ಇಷ್ಟು: ನಾಲ್ಕು ಮನೆಯ ಕೋಸಂಬರಿ.

2024ರ ಆಗಸ್ಟಿನ ಒಂದು ಗುರುವಾರ ತೆರೇಸಿಯಾ ಮಷೀನು ನಿಲ್ಲಿಸಿ ಹೇಳಿದಳು. "ಅವ್ವ ಹಾಸಿಗೆ ಹಿಡಿದಿದ್ದಾಳೆ. ಅನ್ನ ಬಿಟ್ಟಳು. ಬಟ್ಟೆ ಕೇಳುತ್ತಿದ್ದಾಳೆ. ನನ್ನ ಚಿಕ್ಕಪ್ಪನ ಮಗ ಸೋಮವಾರ ಲಾಸ್ ಏಂಜಲೀಸಿನಿಂದ ಹಾರುತ್ತಾನೆ. ಅವನು ತಪ್ಪಿದರೆ ಮುಂದಿನ ಹಡಗು ನವೆಂಬರಿಗೆ. ನಾಳೆ ತಂದುಕೊಡು."

"ಮನೆಯಲ್ಲಿದೆ," ಎಂದಳು ಶೋಭಾ.

ಅವತ್ತು ಸಂಜೆಯೇ ಸ್ಕ್ರಿಪ್ಸ್ ರ್ಯಾಂಚಿಗೆ ಓಡಿದಳು. ಪ್ರಣತಿಗೆ ಮೊದಲು ಯಾವ ಬಟ್ಟೆ ಎಂದೇ ನೆನಪಾಗಲಿಲ್ಲ.

"ಓ, ಆ ಗೋಣಿಚೀಲದ ಥರ ಇತ್ತಲ್ಲ, ಅದಾ? ಯಾಕೆ ಶೋಭಾ ಅವ್ರೇ?"

"ಹೆಣದ ಬಟ್ಟಿರೀ ಅದು. ಮುದುಕಿ ಸಾಯಾಕ ಬಿದ್ದಾಳ. ಸೋಮವಾರದೊಳಗ ಕಳಸಬೇಕು."

ಪ್ರಣತಿ ಕೂತಲ್ಲಿಂದ ಎದ್ದೇಬಿಟ್ಟಳು. "ಏನಂದ್ರಿ? ಹೆಣದ್ದಾ? ನವರಾತ್ರೀಲಿ ಅರಿಶಿನ ಕುಂಕುಮದ ಜೊತೆ ನಂಗೆ ಹೆಣದ ಬಟ್ಟೆ ಕೊಟ್ರಾ? ಮುತ್ತೈದೆ ಕಣ್ರೀ ನಾನು! ಅಯ್ಯೋ ಶ್ರೀಕರ್, ಕೇಳಿದ್ಯಾ ಇವ್ರು ಮಾಡಿದ್ದು?"

"ಅದು ಯಾವ ಹೆಣಕ್ಕೂ ತಾಗಿಲ್ರೀ ಇನ್ನೂ," ಎಂದಳು ಶೋಭಾ. "ಎಲ್ಲಿ ಐತಿ, ಅಷ್ಟ ಹೇಳ್ರಿ."

ಶ್ರೀಕರ್ ಲ್ಯಾಪ್‌ಟಾಪ್ ಮಡಿಚಿ ಬಂದ. ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಶೋಭಾ ಅವ್ರೇ, ಟೆನ್ಷನ್ ತಗೋಬೇಡಿ. ಆ ಐಲ್ಯಾಂಡ್ ಹೆಸ್ರು ಹೇಳಿ ಸಾಕು. ನಾವು ನಾಲ್ಕು ಜನ ಫ್ರೆಂಡ್ಸ್ ಯಾರೂ ಹೋಗದಿರೋ ಜಾಗ ಹುಡುಕ್ತಾನೇ ಇದೀವಿ. ಡ್ರೋನ್ ತಗೊಂಡು ಹೋಗ್ತೀವಿ, ಪರ್ಮಿಷನ್ ಗಿರ್ಮಿಷನ್ ಅಲ್ಲೇ ಸೆಟ್ ಮಾಡ್ಕೋತೀವಿ. ಬರೋವಾಗ ಅಂಥ ಬಟ್ಟೆ ಒಂದು ಡಜನ್ ತಂದ್ಕೊಡ್ತೀನಿ."

"ಡಜನ್ ಲೆಕ್ಕದಾಗ ಹೆಣ ಬೀಳೂದಿಲ್ರೀ ಅಲ್ಲಿ."

ಕೊನೆಗೆ ಪ್ರಣತಿ ಬಾಯಿಬಿಟ್ಟಳು. ಸಂಕ್ರಾಂತಿಯ ಎಳ್ಳು ಬೀರುವಾಗ ಚಾಟ್ಸ್‌ವರ್ತಿನ ವಿಜಯಳಿಗೆ ಕೊಟ್ಟಿದ್ದಳು. "ಸದ್ಯ, ಮನೇಲಿ ಇಟ್ಕೊಂಡಿಲ್ಲ ನಾನು," ಎನ್ನುತ್ತಾ ಸ್ನಾನದ ಮನೆಗೆ ಹೋದಳು. ಶೋಭಾ ಹೊರಬಂದು ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮೈಲಿಗೆ ತೊಳೆಯುತ್ತಿದ್ದಳು ಮಹಾತಾಯಿ.

ವಿಜಯ ಫೋನ್ ಎತ್ತಲಿಲ್ಲ. ಶುಕ್ರವಾರ ತೆರೇಸಿಯಾ ಕೇಳಿದಾಗ ಶೋಭಾ, ಮರೆತೆ, ಭಾನುವಾರ ಸಂಜೆ ನಾನೇ ಮನೆಗೆ ತಂದುಕೊಡುತ್ತೇನೆ ಎಂದಳು. ಶನಿವಾರ ಮೂರು ಸಲ ಫೋನ್ ಮಾಡಿದಳು. ಭಾನುವಾರ ಬೆಳಿಗ್ಗೆ ಕಾರು ಹತ್ತಿ ಮೂರು ಗಂಟೆ ಡ್ರೈವ್ ಮಾಡಿ, ತಾನು ಇಪ್ಪತ್ತು ವರ್ಷ ಸಂಸಾರ ಮಾಡಿದ ಚಾಟ್ಸ್‌ವರ್ತಿಗೆ ಬಂದಳು. ಹಳೆಯ ಮನೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ವಿಜಯಳ ಮನೆಯಲ್ಲಿ ಊಟ ನಡೆದಿತ್ತು. ಮೇಜಿನ ಸುತ್ತ ಐದು ಜನ, ಬಿಸಿಬೇಳೆಬಾತು, ಬೂಂದಿ. ಶೋಭಾ ಬಾಗಿಲಲ್ಲೇ ನಿಂತಳು. ಐದೂ ತಟ್ಟೆಗಳ ಕೆಳಗೆ ಕೆನೆ ಬಣ್ಣ, ಕರಿ ಗೀರು, ಎರಡೂ ಕಡೆ ಕೆಂಪು. ಬಟ್ಟೆಯನ್ನು ಅಡ್ಡಡ್ಡ ಕತ್ತರಿಸಿ ತಟ್ಟೆಯ ಕೆಳಗಿನ ಹಾಸು ಮಾಡಿದ್ದರು. ಕತ್ತರಿಸಿದ ಕಡೆ ನಾರು ಬಿಚ್ಚಿಕೊಂಡು ಕೂದಲಿನಂತೆ ಜೋತುಬಿದ್ದಿತ್ತು. ಒಂದರ ಮೇಲೆ ತುಪ್ಪ ಇಳಿದು ಅರಿಶಿನದ ಕಲೆ ಅಂಗೈಯಗಲ ಹರಡಿತ್ತು. ಇನ್ನೊಂದಕ್ಕೆ ಯಾರೋ ಕೈ ಒರೆಸಿಕೊಂಡಿದ್ದರು.

"ತಟ್ಟಿ ಎತ್ತರಿ," ಎಂದಳು.

"ಶೋಭಾ ಆಂಟಿ! ಬನ್ನಿ, ಊಟ ಮಾಡಿ," ಎಂದಳು ವಿಜಯ, ಸೌಟು ಹಿಡಿದುಕೊಂಡೇ.

"ತಟ್ಟಿ ಎತ್ತರಿ ಅಂದೆ. ಎಲ್ಲಾರೂ."

ಯಾರೂ ಎತ್ತಲಿಲ್ಲ. ಅವಳೇ ಒಂದೊಂದು ತಟ್ಟೆ ಎತ್ತಿ ಬರಿಮೇಜಿನ ಮೇಲೆ ಇಟ್ಟು, ಒಂದೊಂದು ತುಂಡು ಎಳೆದುಕೊಂಡಳು. ಯಾರದೋ ಮಜ್ಜಿಗೆ ಚೆಲ್ಲಿತು. ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಏನೋ ಗೊಣಗಿದ. ಶೋಭಾ ತುಂಡುಗಳನ್ನು ಒಂದರ ಕೆಳಗೊಂದು ಹೊಂದಿಸಿ, ಗೀರಿಗೆ ಗೀರು ಕೂಡಿಸಿ ನೋಡಿದಳು. ನಡುವೆ ಒಂದು ಗೇಣು ಕಡಿಮೆ.

"ಇನ್ನೊಂದು ಎಲ್ಲೈತಿ?"

"ಇನ್ನೊಂದಾ... ಆಂಟಿ, ಯುಗಾದಿ ಪಾಟ್‌ಲಕ್‌ಗೆ ಬಂದೋರಿಗೆ ನಲವತ್ತು ರಿಟರ್ನ್ ಗಿಫ್ಟ್ ಬ್ಯಾಗ್ ಮಾಡಿದ್ದೆ. ಒಂದ್ರಲ್ಲಿ ಚಟ್ನಿಪುಡಿ ಬಾಟ್ಲಿಗೆ ಸುತ್ತಿಟ್ಟೆ ಅನ್ಸುತ್ತೆ. ಐದೇ ಚೇರ್ ಅಲ್ವಾ ನಮ್ಮನೇಲಿ, ಆರನೇದು ಸುಮ್ನೆ ಇತ್ತು."

"ಯಾರ ಕೈಗೆ ಹೋತು?"

"ನಂಗೇನ್ ಗೊತ್ತು ಆಂಟಿ? ಇರ್ವೈನಿಂದ್ಲೂ ಬಂದಿದ್ರು, ಸ್ಯಾನ್ ಡಿಯಾಗೋದಿಂದ್ಲೂ ಬಂದಿದ್ರು. ಅಷ್ಟಕ್ಕೂ ಇದ್ರಲ್ಲಿ ಏನಿತ್ತು ಅಂಥದ್ದು? ಚುಚ್ತಿತ್ತು ಬೇರೆ."

ಶೋಭಾ ಹೇಳಿದಳು, ಇದರಲ್ಲಿ ಏನಿತ್ತು ಎಂದು. ಮೇಜಿನ ಸುತ್ತ ಇದ್ದವರ ಮುಖ ಹುಳ್ಳಗಾಯಿತು. ಒಬ್ಬಳು ಎದ್ದು ಸಿಂಕಿನ ಕಡೆ ಹೋದಳು. ಅವರಿಗೆ ಹೇಸಿಗೆಯಾದದ್ದು ತಾವು ಮಾಡಿದ್ದಕ್ಕಲ್ಲ, ಹೆಣದ ಬಟ್ಟೆಯ ಮೇಲೆ ಉಂಡೆವಲ್ಲಾ ಎಂದು. ವಿಜಯ ಅಲ್ಲೇ ವಾಟ್ಸ್ಯಾಪ್ ಗುಂಪಿಗೆ ಮೆಸೇಜ್ ಹಾಕಿದಳು. ಶೋಭಾ ಸಂಜೆ ನಾಲ್ಕರವರೆಗೆ ರಸ್ತೆಯಲ್ಲಿ ಕಾರಿನೊಳಗೆ ಕೂತು ಕಾದಳು. ಹನ್ನೊಂದು ಹೆಬ್ಬೆರಳು ಬಂದವು, ನಾಲ್ಕು ಕೈಮುಗಿದ ಚಿತ್ರ ಬಂದವು, 'ಸೋ ಟಚಿಂಗ್' ಎಂದು ಒಂದು. ಬ್ಯಾಗು ಬಿಚ್ಚಿ ನೋಡಿದೆ ಎಂದು ಒಬ್ಬರೂ ಬರೆಯಲಿಲ್ಲ.

ಭಾನುವಾರ ಸಂಜೆ ತೆರೇಸಿಯಾಳ ಮನೆಯಲ್ಲಿ, ಅವಳ ಅಡಿಗೆಮನೆಯ ಮೇಜಿನ ಮೇಲೆ ಶೋಭಾ ಐದು ತುಂಡು ಇಟ್ಟು ಎಲ್ಲವನ್ನೂ ಹೇಳಿದಳು. ಪ್ರಣತಿಯ ಮೇಲೆ, ವಿಜಯಳ ಮೇಲೆ ಹಾಕಿ ಹೇಳಲಿಲ್ಲ. ನಾನೇ ಕೊಟ್ಟೆ, ಗೊತ್ತಿದ್ದೂ ಕೊಟ್ಟೆ ಎಂದಳು. ತೆರೇಸಿಯಾ ಕಲೆಯಿದ್ದ ತುಂಡು ಎತ್ತಿ ಮೂಸಿ ನೋಡಿದಳು.

"ಇದರ ಮೇಲೆ ಉಂಡಿದ್ದಾರೆ."

"ಹೌದು."

ತೆರೇಸಿಯಾ ಆ ತುಂಡನ್ನು ಉಳಿದ ನಾಲ್ಕರ ಮೇಲೆ ಇಟ್ಟಳು. ಆಮೇಲೆ ಹೇಳಿದಳು. "ಅವ್ವ ಮೊನ್ನೆ ರೇಡಿಯೋದಲ್ಲಿ ಕೇಳಿಸಿದ್ದಳು, ಬಟ್ಟೆ ಯಾರ ಹತ್ತಿರ ಇದೆ, ಜೋಪಾನವಾಗಿದೆಯಾ ಅಂತ. ನೇಕಾರರವಳ ಹತ್ತಿರ ಇದೆ ಅಂದೆ. ನಕ್ಕಳಂತೆ."

ನಾನೇ ಒಂದು ನೇಯ್ದು ಕೊಡುತ್ತೇನೆ ಎಂದು ಶೋಭಾ ಬಾಯಿ ತೆರೆದಳು.

"ಅದನ್ನು ನೇಯಬೇಕಾದವಳ ಕೈ ಏಳುವುದಿಲ್ಲ ಈಗ," ಎಂದಳು ತೆರೇಸಿಯಾ. ಐದೂ ತುಂಡು ಮಡಿಸಿ ಶೋಭಾಳ ಕೈಗೇ ತುರುಕಿದಳು. "ಐದು ತುಂಡು ಬಟ್ಟೆಯಲ್ಲ. ಆರೂ ಬಂದರೆ ಕಳಿಸು, ಅಷ್ಟರಲ್ಲಿ ಹೂತಿದ್ದರೂ ಮಣ್ಣು ತೆಗೆದು ಅವಳ ಮೇಲೆ ಹಾಸುತ್ತಾರೆ. ಅರ್ಧ ಹೊದಿಸುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿಯವರೆಗೆ ಸಾಲ ನಿನ್ನದು, ನೀನೇ ಇಟ್ಟುಕೋ."

ಸೋಮವಾರ ಚಿಕ್ಕಪ್ಪನ ಮಗ ಬರಿಗೈಯಲ್ಲಿ ಹಾರಿದ. ಅವನ ಹಡಗು ದ್ವೀಪ ಮುಟ್ಟಿದ ಮೂರನೇ ದಿನ ನೇಮಾ ಸತ್ತಳು. ಕಡೆಗೆ ಅವಳನ್ನು ಹಡಗಿನಲ್ಲಿ ಬಂದ ಅಂಗಡಿಯ ಬೆಡ್‌ಶೀಟಿನಲ್ಲಿ ಸುತ್ತಿ ಹೂತರು. ಗುಲಾಬಿ ಹೂವಿನ ಪಾಲಿಯೆಸ್ಟರ್. ಅರವತ್ತು ವರ್ಷ ಊರಿನ ಹೆಣಗಳಿಗೆ ಬಟ್ಟೆ ಹೊದಿಸಿದ ಮುದುಕಿಗೆ ಅದು ಸಿಕ್ಕಿತು.

ತೆರೇಸಿಯಾ ಕೆಲಸ ಬಿಡಲಿಲ್ಲ, ಮಷೀನನ್ನೂ ದೂರ ಸರಿಸಲಿಲ್ಲ. ಇವತ್ತಿಗೂ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಕತ್ತರಿ ಕೊಡು, ಬಾಬಿನ್ ಇದೆಯಾ, ಇಷ್ಟೇ ಮಾತು. ಶೋಭಾ ಗೊಂಬೆ ಕೂರಿಸುವುದನ್ನು ಬಿಟ್ಟಳು. ಕಣದ ಸೂಟ್‌ಕೇಸನ್ನು ಖಾಲಿ ಮಾಡಿದಳು. ಈಗ ಅದರಲ್ಲಿ ಐದು ತುಂಡು ಮಾತ್ರ ಇವೆ. ಅವಳು ತೊಳೆದಿಲ್ಲ. ಶ್ರೀಕರ್ ಈಗಲೂ ಎಲ್ಲಿ ಸಿಕ್ಕರೂ ದ್ವೀಪದ ಹೆಸರು ಕೇಳುತ್ತಾನೆ.

ಓದಿದ ನೀವು ಅಯ್ಯೋ ಪಾಪ ಎನ್ನಬೇಡಿ, ಹೆಬ್ಬೆರಳು ಎತ್ತಬೇಡಿ. 2024ರ ಯುಗಾದಿಗೆ ಚಾಟ್ಸ್‌ವರ್ತಿನ ಪಾಟ್‌ಲಕ್ಕಿಗೆ ಹೋಗಿದ್ದರೆ, ಅಥವಾ ಹೋಗಿದ್ದವರಿಂದ ಆಮೇಲೆ ಏನಾದರೂ ಕೈಗೆ ಬಂದಿದ್ದರೆ, ಏಳಿ. ಪ್ಯಾಂಟ್ರಿಯಲ್ಲಿ ಚಟ್ನಿಪುಡಿಯ ಬಾಟಲಿಯ ಕೆಳಗೆ ನೋಡಿ. ನಿಮ್ಮ ಕಣದ ಸೂಟ್‌ಕೇಸಿನ ತಳಕ್ಕೆ ಕೈಹಾಕಿ ನೋಡಿ. ಒಂದು ಗೇಣಿನ ತುಂಡು, ಕೆನೆ ಬಣ್ಣ, ಕರಿ ಗೀರು, ಎರಡು ಕಡೆ ಕೆಂಪು ಅಂಚು, ಎರಡು ಕಡೆ ಕತ್ತರಿಸಿದ ಗಾಯ. ತೊಳೆಯಬೇಡಿ, ಮುಂದಿನವರಿಗೆ ದಾಟಿಸಬೇಡಿ. ಮೀರಾ ಮೆಸಾದಲ್ಲಿ ದಿನಸಿ ಅಂಗಡಿಯ ಪಕ್ಕದ ಹೊಲಿಗೆ ಅಂಗಡಿಗೆ ತಂದು, ಎರಡನೇ ಮಷೀನಿನಲ್ಲಿ ಕೂರುವ ಶೋಭಾಳ ಮುಂದೆ ಇಡಿ. ಅದು ನಿಮ್ಮದಲ್ಲ. ಕೊಟ್ಟುಬಿಡಿ.